ಪ್ರವಾಸದ ಪಟ್ಟಿಯಲ್ಲಿ ಎಲ್ಲರ ಹೆಸರು

ಶಿಕ್ಷಕ ಮಿತ್ರರೇ,

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಂಪಿಯೋ, ಹಳೇಬೀಡೋ, ಜೋಗವೋ ಎಂದು ಚರ್ಚೆ ನಡೆದು, ಬಸ್ ಗೊತ್ತಾಗಿ, ಹಣವೂ ಸಂಗ್ರಹವಾಗುತ್ತದೆ. ಆಮೇಲೆ ಯಾರಿಗೋ ನೆನಪಾಗುತ್ತದೆ, ಏಳನೆಯ ತರಗತಿಯಲ್ಲಿ ಗಾಲಿಕುರ್ಚಿಯ ಹುಡುಗಿಯೊಬ್ಬಳಿದ್ದಾಳೆ ಎಂದು. ಪೋಷಕರನ್ನು ಕರೆಸಿ, ‘ಮಗುವಿಗೆ ಸುಮ್ಮನೆ ಯಾಕೆ ತೊಂದರೆ’ ಎನ್ನುತ್ತೇವೆ. ಅವರೂ ತಲೆಯಾಡಿಸುತ್ತಾರೆ. ಎಲ್ಲವೂ ಬಹಳ ಅಕ್ಕರೆಯಿಂದಲೇ ಮುಗಿದುಹೋಗುತ್ತದೆ. ನನ್ನ ತಕರಾರು ಇರುವುದು ಈ ಅಕ್ಕರೆಯ ಮೇಲೆಯೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಅದರ 16ನೆಯ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಪಾಠದಲ್ಲಿ ಮಾತ್ರವಲ್ಲ, ಆಟ ಮತ್ತು ಮನರಂಜನೆಯಲ್ಲೂ ಈ ಮಕ್ಕಳಿಗೆ ಇತರರಷ್ಟೇ ಅವಕಾಶ ಕೊಡಬೇಕು. ಹೆಚ್ಚಿನ ನೆರವು ಬೇಕಾದ ಮಗುವಿನ ಸಹಾಯಕರಿಗೂ ಸಾರಿಗೆ ಸೌಲಭ್ಯವಿರಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಕಾನೂನಿನ ಮಾತು ಇಷ್ಟು ಸಾಕು.

ಅನಾಹುತವಾದರೆ ಯಾರು ಹೊಣೆ ಎಂದು ಮುಖ್ಯ ಶಿಕ್ಷಕರು ಕೇಳುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ತುಂಗಭದ್ರೆಯ ಬಂಡೆಯಿಂದ ಬಂಡೆಗೆ ಜಿಗಿಯುವವರು ಯಾರು? ನಾವು ಕಣ್ಣಿಡಬೇಕಾದವರು ಹೆಚ್ಚಾಗಿ ಚೆನ್ನಾಗಿ ಓಡಬಲ್ಲ ಮಕ್ಕಳೇ!

ಪಾಲ್ಗೊಳ್ಳುವಿಕೆ ತೀರ್ಮಾನವಾಗುವುದು ಸ್ಥಳದ ಆಯ್ಕೆಯಲ್ಲಿ. 600ಕ್ಕೂ ಹೆಚ್ಚು ಮೆಟ್ಟಿಲುಗಳ, ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಆರಿಸಿಕೊಂಡ ಮೇಲೆ ಗಾಲಿಕುರ್ಚಿಯ ಬಗ್ಗೆ ಯೋಚಿಸಿ ಏನು ಪ್ರಯೋಜನ? ಮೈಸೂರಿನ ಮೃಗಾಲಯದಲ್ಲಿ ಬ್ಯಾಟರಿ ವಾಹನವಿದೆ. ಹಂಪಿಯ ವಿಜಯ ವಿಠ್ಠಲ ದೇವಾಲಯದ ದಾರಿಯಲ್ಲೂ ಓಡುತ್ತದೆ, ಒಳಗಿನ ಜಗತಿಗಳನ್ನು ಹತ್ತುವುದು ಬೇರೆ ಮಾತು.

ಹಳೇಬೀಡಿನ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಣ್ಣು ಕಾಣದ ಮಗುವಿಗೆ ಅಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಸಂರಕ್ಷಿತ ಶಿಲ್ಪವನ್ನು ಮುಟ್ಟಿ ಸವೆಸುವುದು ತಪ್ಪು, ನಿಜ. ಹಾಗಿದ್ದರೆ ಹೊರಡುವ ಮೊದಲೇ ತರಗತಿಗೆ ಬಳಪದ ಕಲ್ಲಿನ ತುಂಡೊಂದನ್ನು ತನ್ನಿ. ಎಲ್ಲರ ಕೈಗೂ ಕೊಡಿ, ಗೀರಲು ಹೇಳಿ. ಹೊಯ್ಸಳ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಹೇಗೆ ಕೊರೆದರೆಂಬುದು ಆ ಕಲ್ಲಿನ ಮೆದುತನದಿಂದಲೇ ಅರ್ಥವಾಗತೊಡಗುತ್ತದೆ. ಗೋಡೆಯ ಕೆಳಸಾಲಿನ ಆನೆಗಳನ್ನು ಜೇಡಿಮಣ್ಣಿನಲ್ಲಿ ಮಾಡಿಸಿ. ಅಲ್ಲಿಗೆ ಹೋದಾಗ ಜೊತೆಯ ಗೆಳತಿ ಸಾಲುಸಾಲಾಗಿ ವಿವರಿಸುತ್ತಾ ನಡೆಯಲಿ. ಬಾಯಿಬಿಟ್ಟು ವಿವರಿಸಬೇಕಾದ ಮಗು ಎಷ್ಟು ನಿಧಾನವಾಗಿ ನೋಡುತ್ತದೆ ಎಂಬುದನ್ನು ಗಮನಿಸಿ. ಉಳಿದವರು ಸೆಲ್ಫಿ ತೆಗೆದುಕೊಂಡು ಬಸ್ಸಿಗೆ ಮರಳಿರುತ್ತಾರೆ.

ಕಿವಿ ಕೇಳದ ಮಗುವಿದ್ದರೆ, ಮಾರ್ಗದರ್ಶಿ ಗೋಡೆಯ ಕಡೆ ಮುಖ ಮಾಡಿ ಮಾತನಾಡದಂತೆ ಮೊದಲೇ ತಿಳಿಸಿ. ಆಟಿಸಂ ಇರುವ ಮಗುವಿಗೆ ಹೋಗುವ ಜಾಗದ, ಬಸ್ಸಿನ, ಊಟದ ಕೋಣೆಯ ಚಿತ್ರಗಳನ್ನು ಮುಂಚೆಯೇ ತೋರಿಸಿ. ಭಾನುವಾರದ ಜಾತ್ರೆಯಂಥ ಗದ್ದಲ ಬೇಡ. ಬಸ್ಸಿನ ಹಾಡಿನ ಪೆಟ್ಟಿಗೆಯ ಸದ್ದನ್ನೂ ತಗ್ಗಿಸಿ, ಅದರಿಂದ ಚಾಲಕರಿಗೂ ಉಪಕಾರ. ಮೂರ್ಛೆರೋಗದ ಔಷಧಿ ಯಾರ ಚೀಲದಲ್ಲಿದೆ, ಎಷ್ಟು ಹೊತ್ತಿಗೆ ಕೊಡಬೇಕು ಎಂಬುದು ಕನಿಷ್ಠ ಇಬ್ಬರು ಶಿಕ್ಷಕರಿಗೆ ಗೊತ್ತಿರಲಿ.

ತಾಲ್ಲೂಕಿನಲ್ಲಿ ಬಿಐಇಆರ್‌ಟಿ, ಅಂದರೆ ವಿಕಲಚೇತನ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಸ್ಥಳ ನಿಗದಿಪಡಿಸುವ ಸಭೆಗೇ ಅವರನ್ನು ಕರೆಯಿರಿ. ಮಗುವನ್ನೂ ಕೇಳಿ. ಶೌಚಾಲಯವನ್ನು ಮಾತ್ರ ಯಾರಾದರೊಬ್ಬರು ಮುಂಚಿತವಾಗಿ ಹೋಗಿ, ಬಾಗಿಲಿನ ಅಗಲವನ್ನು ಟೇಪ್ ಹಿಡಿದು ಅಳೆದು ಬರಲೇಬೇಕು. ಫೋನಿನಲ್ಲಿ ಕೇಳಿದರೆ ಎಲ್ಲರೂ ‘ಅನುಕೂಲ ಇದೆ’ ಎನ್ನುತ್ತಾರೆ. ‘ಎರಡೇ ಮೆಟ್ಟಿಲಲ್ಲವೇ’ ಎಂಬ ಮಾತು ಕೇಳಿಬರುವುದು ಅಲ್ಲಿಗೆ ಹೋಗಿ ನಿಂತ ಮೇಲೆ.