ಮೊದಲು ಕಾರ್ಡ್ ನೋಡಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ

ನಮಸ್ಕಾರ. ಈ ಹಳೆಯ ಕಂಪ್ಯೂಟರಿನ ಬೋರ್ಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇಲ್ಲಿ, ಈ ರ್‍ಯಾಮ್ ಚಿಪ್ ಪಕ್ಕದಲ್ಲಿ, ಕೂದಲೆಳೆಯಷ್ಟು ತೆಳುವಾದ ಒಂದು ತಂತಿ ಕಾಣಿಸುತ್ತಿದೆ ಅಲ್ವಾ? ಅದನ್ನು ಬೆಸುಗೆ ಹಾಕಿದ್ದು ನಾನು. ಏನೂ ತೊಂದರೆ ಇಲ್ಲದ ಚಿಪ್ ಕೀಳಲು ಹೋಗಿ, ಬೋರ್ಡಿನ ತಾಮ್ರದ ಟ್ರ್ಯಾಕನ್ನೇ ಎಬ್ಬಿಸಿಬಿಟ್ಟಿದ್ದೆ. ಅಷ್ಟಕ್ಕೂ ತಪ್ಪು ಮಷೀನಿನದಲ್ಲ, ಮೆಮೊರಿ ಕಾರ್ಡಿನದು. ನಿಮ್ಮ ಮಷೀನಿಗೆ ಹೀಗಾಗಬಾರದು, ಅದಕ್ಕೇ ಈ ವಿಡಿಯೊ.

ಇದು ಸ್ಪೆಕ್ಟ್ರಮ್ ಪ್ಲಸ್. ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ತಂದಿತು. ಎರಡು ವರ್ಷದ ನಂತರ ಕೀಬೋರ್ಡ್ ಬದಲಾಯಿಸಿ ಇದನ್ನು ತಂದಿತು. ಒಳಗೆ ಝಡ್80 ಪ್ರೊಸೆಸರ್, 48 ಕೆಬಿ ರ್‍ಯಾಮ್. ಭಾರತದಲ್ಲಿ ಡೆಸಿಬೆಲ್ಸ್ ಕಂಪನಿ ಇದನ್ನೇ ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಇದು ನಮ್ಮ ಚಿಕ್ಕಪ್ಪ ತಂದದ್ದು. ಆಗ ಒಂದು ಗೇಮ್ ಲೋಡ್ ಆಗಬೇಕಾದರೆ ಟೇಪ್ ರೆಕಾರ್ಡರ್ ಹಚ್ಚಿ, ಆ ಕೀರಲು ಸದ್ದು ಕೇಳುತ್ತಾ ಸುಮಾರು 5 ನಿಮಿಷ ಕೂರಬೇಕಿತ್ತು. ಈಗ ಹಿಂದಿನ ಎಡ್ಜ್ ಕನೆಕ್ಟರಿಗೆ ಡಿವ್‌ಎಂಎಂಸಿ ಅನ್ನುವ ಇಂಟರ್‌ಫೇಸ್ ಸಿಕ್ಕಿಸಿ, ಅದಕ್ಕೊಂದು ಎಸ್‌ಡಿ ಕಾರ್ಡ್ ಹಾಕಿದರೆ ಆಯಿತು. ಗೇಮ್ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಎಡವುವುದು ಇಲ್ಲೇ. ಕಾರ್ಡ್ ಕೊಳ್ಳುವಾಗ ನಾವೆಲ್ಲ ಜಾಸ್ತಿ ಜಿಬಿ, ಜಾಸ್ತಿ ಸ್ಪೀಡ್ ನೋಡುತ್ತೇವೆ. ಮೊಬೈಲಿಗೆ ಅದು ಸರಿ. ಈ ಮಷೀನಿಗೆ ಯಾಕೆ? ಸುಮ್ನೆ ಒಂದು ಲೆಕ್ಕ ಹಾಕಿ. 48 ಕೆಬಿ ಸ್ಪೆಕ್ಟ್ರಮ್‌ನ ಇಡೀ ಮೆಮೊರಿಯನ್ನು ಒಂದು ಫೈಲಿಗೆ ಇಳಿಸಿದರೆ 49,179 ಬೈಟ್. 2 ಜಿಬಿ ಕಾರ್ಡಿನಲ್ಲಿ ಇಂಥ ಫೈಲ್‌ಗಳು 30,000 ಹಿಡಿಯುತ್ತವೆ. ದಿನಕ್ಕೊಂದು ಆಡಿದರೂ ಎಂಬತ್ತು ವರ್ಷ ಬೇಕು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: 2 ಜಿಬಿ ಸಿಕ್ಕರೆ ಅದನ್ನೇ ತಗೊಳ್ಳಿ. ಸಿಗದಿದ್ದರೆ 4 ಅಥವಾ 8. 64 ಜಿಬಿ ಕಾರ್ಡ್ ಮಾತ್ರ ಬೇಡ.

ಕಾರಣ ಇದೆ. 2 ಜಿಬಿವರೆಗಿನ ಹಳೆಯ ಎಸ್‌ಡಿ ಕಾರ್ಡ್ ವಿಳಾಸವನ್ನು ಬೈಟ್ ಲೆಕ್ಕದಲ್ಲಿ ಕೇಳುತ್ತದೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ, ಅಂದರೆ 4ರಿಂದ 32 ಜಿಬಿ ಕಾರ್ಡ್, 512 ಬೈಟಿನ ಬ್ಲಾಕ್ ಲೆಕ್ಕದಲ್ಲಿ ಕೇಳುತ್ತದೆ. ಹಳೆಯ ಇಂಟರ್‌ಫೇಸಿಗೆ ಮೊದಲಿನ ಲೆಕ್ಕ ಮಾತ್ರ ಗೊತ್ತಿದ್ದರೆ ಹೊಸ ಕಾರ್ಡ್ ಅದಕ್ಕೆ ಅರ್ಥವೇ ಆಗುವುದಿಲ್ಲ. ನೋಡಲು ಎರಡೂ ಕಾರ್ಡ್ ಒಂದೇ ಥರ. 64 ಜಿಬಿ ಕಾರ್ಡುಗಳಂತೂ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲೇ ಬರುತ್ತವೆ. ಡಿವ್‌ಎಂಎಂಸಿ ಒಳಗೆ ಕಾರ್ಡ್ ಓದುವ ಸಾಫ್ಟ್‌ವೇರ್ ಆದ ಇಎಸ್‌ಎಕ್ಸ್‌ಡಾಸ್‌ಗೆ ಫ್ಯಾಟ್16, ಫ್ಯಾಟ್32 ಬಿಟ್ಟರೆ ಬೇರೆ ಗೊತ್ತಿಲ್ಲ.

ಈಗ ನನ್ನ ಕಥೆ. ನಾನು ಕೊಂಡಿದ್ದು 32 ಜಿಬಿ ಕಾರ್ಡ್, ಕಡಿಮೆ ಬೆಲೆಗೆ. ಎಲ್ಲಿ ಅಂತ ಬೇಡ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದಿಷ್ಟು ಹೊಸ ಫೋಲ್ಡರ್ ತುಂಬಿಸಿದೆ. ಹಳೆಯ ಗೇಮ್ ನಡೆಯುತ್ತವೆ, ಹೊಸತು ಅರ್ಧಕ್ಕೆ ನಿಲ್ಲುತ್ತವೆ. ಪರದೆ ತುಂಬಾ ಬಣ್ಣಬಣ್ಣದ ಚೌಕ. ಸ್ಪೆಕ್ಟ್ರಮ್ ಇಟ್ಟುಕೊಂಡವರಿಗೆ ಇದನ್ನು ನೋಡಿದರೆ ಮೊದಲು ನೆನಪಾಗುವುದು 4116 ರ್‍ಯಾಮ್ ಚಿಪ್. ಅವು ಹೋಗುವುದು ಮಾಮೂಲು. ನಾನೂ ಹಾಗೇ ಅಂದುಕೊಂಡು ಸೋಲ್ಡರಿಂಗ್ ಐರನ್ ಹಿಡಿದು ಕೂತೆ. ಎರಡು ಸಂಜೆ. ಆಗಲೇ ಆ ಟ್ರ್ಯಾಕ್ ಎದ್ದದ್ದು.

ಕಾರ್ಡ್ ನಕಲಿ. ಇಂಥ ಕಾರ್ಡ್ ಕಂಪ್ಯೂಟರಿಗೆ 32 ಜಿಬಿ ಅಂತ ಹೇಳುತ್ತದೆ, ಒಳಗಿರುವ ಜಾಗ ಅದರ ಕಾಲು ಭಾಗವೂ ಇಲ್ಲ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಮಾಯ. ಹೆಸರು ಕಾಣಿಸುತ್ತದೆ, ಗಾತ್ರ ಕಾಣಿಸುತ್ತದೆ, ಒಳಗೆ ಏನೂ ಇರುವುದಿಲ್ಲ. ಇದನ್ನು ಹಿಡಿಯಲು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಇದೆ, ಲಿನಕ್ಸ್‌ನಲ್ಲಿ ಎಫ್3 ಇದೆ. ಎರಡೂ ಉಚಿತ. ಕಾರ್ಡನ್ನು ಪೂರ್ತಿ ತುಂಬಿಸಿ, ವಾಪಸ್ ಓದಿ ತಾಳೆ ನೋಡುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯಬಹುದು. ರಾತ್ರಿ ಹಚ್ಚಿ ಮಲಗಿ. ಹೊಸ ಕಾರ್ಡ್ ತಂದ ದಿನವೇ ಇದನ್ನು ಮಾಡಿ, ದಯವಿಟ್ಟು.

ಕಾರ್ಡ್ ಅಸಲಿಯೇ ಆಗಿದ್ದು, ಆದರೂ ಓಡದಿದ್ದರೆ? ಮೊದಲು ಆನ್ ಮಾಡಿದಾಗಿನ ಪರದೆ ಓದಿ. ಅಲ್ಲಿ ಸಿಸ್ಟಮ್ ಫೈಲ್ ಎದುರಿಗೆ ಎರರ್ ಅಂತ ಬಂದರೆ, ಇಂಟರ್‌ಫೇಸಿನಲ್ಲಿರುವ ಇಎಸ್‌ಎಕ್ಸ್‌ಡಾಸ್ ಆವೃತ್ತಿಯೂ ಕಾರ್ಡಿನಲ್ಲಿರುವ ಆವೃತ್ತಿಯೂ ಒಂದೇನಾ ನೋಡಿ. ಬೇರೆ ಇದ್ದರೆ ನಡೆಯುವುದಿಲ್ಲ. ಇನ್ನೊಂದು, ಫ್ಯಾಟ್16 ಕಾರ್ಡಿನ ಎಲ್ಲಕ್ಕಿಂತ ಹೊರಗಿನ, ಅಂದರೆ ರೂಟ್ ಫೋಲ್ಡರಿನಲ್ಲಿ 512 ಹೆಸರಿಗಷ್ಟೇ ಜಾಗ. ಉದ್ದ ಹೆಸರಿದ್ದರೆ ಒಂದೊಂದೂ ಎರಡು ಮೂರು ಜಾಗ ತಿನ್ನುತ್ತದೆ. ಜಿಬಿಗಟ್ಟಲೆ ಖಾಲಿ ಇದ್ದರೂ "ಜಾಗ ಇಲ್ಲ" ಅನ್ನುವುದು ಇದಕ್ಕೇ. ಅಕ್ಷರಕ್ಕೊಂದು ಫೋಲ್ಡರ್ ಮಾಡಿ, ಸರಿಹೋಗುತ್ತದೆ. ಮತ್ತೆ, ಪವರ್ ಇರುವಾಗ ಹಿಂದಿನ ಇಂಟರ್‌ಫೇಸ್ ಮುಟ್ಟಲೇಬೇಡಿ. ಆ ಕನೆಕ್ಟರಿನಲ್ಲಿ 9 ವೋಲ್ಟ್ ಲೈನೂ ಇದೆ. ಸ್ವಲ್ಪ ಅಲ್ಲಾಡಿದರೂ ಚಿಪ್ ಹೋಗಬಹುದು.

ಅಮಿಗಾ 1200 ಅನ್ನುವ ಇನ್ನೊಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಗೆಳೆಯರೊಬ್ಬರ ಸಮಸ್ಯೆ ಬೇರೆ. ಅವರದು ಕಾಂಪ್ಯಾಕ್ಟ್ ಫ್ಲ್ಯಾಶ್, ಇನ್ನೊಂದು ಬಗೆಯ ಮೆಮೊರಿ ಕಾರ್ಡ್. ಒಳಗಿನ ಐಡಿಇ ಕನೆಕ್ಟರಿಗೆ ಸಣ್ಣ ಅಡಾಪ್ಟರ್ ಸಾಕು, ಅದೇ ಹಾರ್ಡ್ ಡಿಸ್ಕ್. ಸಣ್ಣ ಫೈಲ್ ಎಲ್ಲ ಸರಿ, ದೊಡ್ಡ ಫೈಲ್ ಕಾಪಿ ಮಾಡಿದರೆ ಹಾಳು. ಅವರು ಮೂರು ಕಾರ್ಡ್ ಬದಲಾಯಿಸಿದ್ದರು. ಮೂರೂ ಅಸಲಿ. ಹಳೆಯ ಡ್ರೈವರ್ ಒಂದೇ ಸಲಕ್ಕೆ ಜಾಸ್ತಿ ಕೇಳುತ್ತದೆ, ಕೆಲವು ಕಾರ್ಡಿಗೆ ಅದು ಆಗಿಬರುವುದಿಲ್ಲ. ಎಚ್‌ಡಿಟೂಲ್‌ಬಾಕ್ಸ್ ಅನ್ನುವ ಡಿಸ್ಕ್ ಸೆಟಪ್ ಪ್ರೋಗ್ರಾಂ ತೆರೆದು, ಪ್ರತಿ ಪಾರ್ಟಿಷನ್ನಿನ ಮ್ಯಾಕ್ಸ್‌ಟ್ರಾನ್ಸ್‌ಫರ್ ಜಾಗದಲ್ಲಿ ಹೆಕ್ಸ್‌ನಲ್ಲಿ ಒಂದು, ಎಫ್, ಇ, ಸೊನ್ನೆ, ಸೊನ್ನೆ ಅಂತ ಹಾಕಿಸಿದೆ. ಅಂದರೆ ಸಲಕ್ಕೆ 255 ಸೆಕ್ಟರ್, 1,30,560 ಬೈಟ್. ಫೋನಿನಲ್ಲೇ ಹೇಳಿದ್ದು, ಹತ್ತು ನಿಮಿಷದ ಕೆಲಸ. ಅವರ ಅಮಿಗಾದ ಮೂಲ ಸಾಫ್ಟ್‌ವೇರ್ ಹಳೆಯ ಕಿಕ್‌ಸ್ಟಾರ್ಟ್ 3.1. ಹಾಗಾಗಿ 4 ಜಿಬಿ ಒಳಗೇ ಇರಿ ಅಂದೆ.

ಸಣ್ಣ ಕಾರ್ಡ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತೀರಿ. ಮನೆಯ ಕಪಾಟು ನೋಡಿ. ಹಳೆಯ ಡಿಜಿಟಲ್ ಕ್ಯಾಮೆರಾ ಬಿದ್ದಿದ್ದರೆ ಅದರಲ್ಲಿ 1 ಅಥವಾ 2 ಜಿಬಿ ಕಾರ್ಡ್ ಇದ್ದೇ ಇರುತ್ತದೆ. ಈ ಸ್ಪೆಕ್ಟ್ರಮ್‌ನಲ್ಲಿ ಈಗ ಇರುವುದು ಅಂಥದ್ದೇ, ಅತ್ತಿಗೆಯ ಕ್ಯಾಮೆರಾದ್ದು. ಫಾರ್ಮ್ಯಾಟ್ ಮಾಡುವ ಮೊದಲು ತೆರೆದು ನೋಡಿದೆ. ಅವರ ಮಗಳ ನಾಮಕರಣದ ಫೋಟೊ ಪೂರ್ತಿ ಅದರಲ್ಲೇ ಇತ್ತು, ಬೇರೆಲ್ಲೂ ಇರಲಿಲ್ಲ. ಎಲ್ಲ ಕಾಪಿ ಮಾಡಿ ಅವರ ಕೈಗೆ ಕೊಟ್ಟ ಮೇಲೇ ಕಾರ್ಡ್ ಈ ಮಷೀನಿಗೆ ಬಂತು. ಬನ್ನಿ, ಈಗ ಆನ್ ಮಾಡಿ ತೋರಿಸುತ್ತೇನೆ.