ಗಗಾರಿನ್ ಹಾರುವ ಮೊದಲೇ ಮುಗಿದ ಕಥೆ

ಕೇಳುಗರಿಗೆ ನಮಸ್ಕಾರ. ಇವತ್ತು ‘ಸ್ಕೈ ಮಾಸ್ಟರ್ಸ್’ ಅನ್ನುವ, ಅಮೆರಿಕದ ಪತ್ರಿಕೆಗಳಲ್ಲಿ ಬರುತ್ತಿದ್ದ ಬಾಹ್ಯಾಕಾಶದ ಕಾಮಿಕ್ಸಿನ ಕಥೆ.

1957ರ ಅಕ್ಟೋಬರ್ 4. ಸೋವಿಯತ್ ಒಕ್ಕೂಟದವರು ಸ್ಪುಟ್ನಿಕ್ ಹಾರಿಸಿದರು. ಸುಮಾರು 84 ಕಿಲೋ ತೂಕದ ಒಂದು ಲೋಹದ ಗುಂಡು. ಭೂಮಿ ಸುತ್ತುತ್ತಾ ಬೀಪ್, ಬೀಪ್ ಅನ್ನುತ್ತಿತ್ತು. ಅಮೆರಿಕದ ಜನ ಆ ಸದ್ದನ್ನು ಕೇಳಿದ್ದೂ ರೇಡಿಯೋದಲ್ಲೇ ಅನ್ನಿ.

ಅವರ ಪತ್ರಿಕೆಗಳಲ್ಲಿ ಬಾಹ್ಯಾಕಾಶದ ಕಾಮಿಕ್ಸ್ ಹೊಸದೇನಲ್ಲ. ಬಕ್ ರೋಜರ್ಸ್, ಫ್ಲ್ಯಾಶ್ ಗಾರ್ಡನ್ ಆಗಲೇ ಮನೆಮಾತು. ಆದರೆ ಅವು ದೂರದ ಲೋಕದ ಸಾಹಸಗಳು. ಈಗ ಬೇಕಾಗಿದ್ದು ನಾಳೆಯೋ ನಾಡಿದ್ದೋ ನಿಜವಾಗಬಹುದಾದ ಕಥೆ.

1958ರ ಸೆಪ್ಟೆಂಬರ್ 8ರಂದು ‘ಸ್ಕೈ ಮಾಸ್ಟರ್ಸ್’ ಶುರುವಾಯಿತು. ನಾಸಾ ಕೆಲಸ ಆರಂಭಿಸಿದ್ದು ಅಕ್ಟೋಬರ್ 1ಕ್ಕೆ. ಕಾಗದದ ಮೇಲಿನ ರಾಕೆಟ್ಟುಗಳು ಮೂರು ವಾರ ಮುಂದಿದ್ದವು!

ಕಥೆ ಡೇವ್ ವುಡ್, ಡಿಕ್ ವುಡ್ ಸೋದರರದು. ಚಿತ್ರ ಜ್ಯಾಕ್ ಕರ್ಬಿಯವರದು. ಅವರ ಪೆನ್ಸಿಲ್ ಗೆರೆಗಳ ಮೇಲೆ ಮೊದಲಿಗೆ ಶಾಯಿ ಹಚ್ಚಿದವರು ವಾಲಿ ವುಡ್. ಈ ವುಡ್ ಬೇರೆ, ಆ ಸೋದರರಿಗೆ ನೆಂಟರೇನಲ್ಲ. ಕರ್ಬಿ ಯಂತ್ರಗಳನ್ನು ಭಾರವಾಗಿ, ದಪ್ಪವಾಗಿ ಬರೆಯುತ್ತಿದ್ದರು. ವಾಲಿ ವುಡ್ ಅದಕ್ಕೆ ಕಪ್ಪನ್ನು ಧಾರಾಳವಾಗಿ ಸುರಿದರು. ಅರ್ಧ ಮುಖ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ಪತ್ರಿಕೆಯ ಮೂಲೆಯಲ್ಲಿ ಅಂಗೈ ಅಗಲದ ಜಾಗ, ಅದರೊಳಗೆ ಇಡೀ ರಾಕೆಟ್ಟು, ಹಿಂದೆ ನಕ್ಷತ್ರ! ಕರ್ಬಿಯ ಪೆನ್ಸಿಲಿಗೆ ಇದಕ್ಕಿಂತ ಒಳ್ಳೆ ಶಾಯಿ ಸಿಕ್ಕಿದ್ದು ಕಡಿಮೆ, ನನ್ನ ಮಟ್ಟಿಗೆ. ಮುಂದೆ ಶಾಯಿಯ ಕೆಲಸ ಡಿಕ್ ಏಯರ್ಸ್ ಕೈಗೆ ಹೋಯಿತು. ಭಾನುವಾರದ ಬಣ್ಣದ ಪುಟ ಒಂದು ವರ್ಷ ನಡೆದು ನಿಂತಿತು.

ಈ ಕೆಲಸ ಕೂಡಿಸಿಕೊಟ್ಟವರು ಜ್ಯಾಕ್ ಶಿಫ್, ಡಿಸಿ ಕಾಮಿಕ್ಸಿನ ಸಂಪಾದಕರು. ಅದಕ್ಕೆ ಗಳಿಕೆಯಲ್ಲಿ ಅವರಿಗೊಂದು ಪಾಲು. ಎಷ್ಟು ಪಾಲು, ಎಲ್ಲಿಯವರೆಗೆ? ಜಗಳ ಅಲ್ಲೇ ಹತ್ತಿಕೊಂಡಿತು. ವಿಷಯ ಕೋರ್ಟಿಗೆ ಹೋಯಿತು, ಕರ್ಬಿ ಸೋತರು. ಡಿಸಿಯಲ್ಲಿ ಅವರಿಗೆ ಕೆಲಸವೂ ತಪ್ಪಿತು. ಕೂತು ಚಿತ್ರ ಬರೆಯುವವನಿಗೆ ಲೆಕ್ಕಪತ್ರದ ಗೋಳು ಯಾವಾಗಲೂ ಜಾಸ್ತಿನೇ, ಅಲ್ವಾ?

1961ರ ಫೆಬ್ರವರಿ 25ಕ್ಕೆ ಸ್ಕೈ ಮಾಸ್ಟರ್ಸ್ ಮುಗಿಯಿತು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್ 12ರಂದು, ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ನಿಜವಾಗಿಯೇ ಬಾಹ್ಯಾಕಾಶಕ್ಕೆ ಹೋಗಿಬಂದರು, ಮನುಷ್ಯರಲ್ಲಿ ಮೊದಲಿಗರಾಗಿ. ಅಷ್ಟು ದಿನ ಕಾದು, ಇನ್ನೊಂಚೂರು ನಿಂತಿದ್ದರೆ!

ಕರ್ಬಿ ಸುಮ್ನೆ ಕೂರಲಿಲ್ಲ. ಮುಂದೆ ಮಾರ್ವೆಲ್ ಎಂದು ಹೆಸರಾದ ಸಂಸ್ಥೆಯಲ್ಲಿ ಸ್ಟಾನ್ ಲೀ ಜೊತೆ ಅದೇ ವರ್ಷ ‘ಫೆಂಟಾಸ್ಟಿಕ್ ಫೋರ್’ ತಂದರು. ಅದರ ಮೊದಲ ಸಂಚಿಕೆಯಲ್ಲಿ ನಾಲ್ಕು ಜನ ಅಪ್ಪಣೆಗೆ ಕಾಯದೆ, ಕದ್ದು ರಾಕೆಟ್ ಹತ್ತುತ್ತಾರೆ.