ಬೋಪಣ್ಣ ಗೆದ್ದದ್ದು 43ಕ್ಕೆ, ನಮ್ಮ ಮಕ್ಕಳನ್ನು ನಿಲ್ಲಿಸುವುದು 15ಕ್ಕೆ

ಎಲ್ಲರಿಗೂ ನಮಸ್ಕಾರ. ರೋಹನ್ ಬೋಪಣ್ಣ 2025ರ ನವೆಂಬರ್ 1ರಂದು ಟೆನಿಸ್‌ಗೆ ವಿದಾಯ ಹೇಳಿದರು. ನಮ್ಮ ಚಿಕ್ಕಮಗಳೂರಿನಲ್ಲಿ ಅವರ ಮಾತು ಬಂದಾಗಲೆಲ್ಲ ಒಂದೇ ಸಾಲು ಕೇಳಿಸುತ್ತದೆ. "ನೋಡಿ, ವಯಸ್ಸೆಲ್ಲ ಲೆಕ್ಕಕ್ಕೇ ಇಲ್ಲ." ನನಗೆ ಈ ಮಾತು ಸಾಕಾಗಿದೆ. ಹೊಗಳಿದ ಹಾಗೆ ಕಾಣುತ್ತದೆ, ಆದರೆ ಆ ಮನುಷ್ಯ ಪಟ್ಟ ಪಾಡನ್ನೆಲ್ಲ ಮುಚ್ಚಿಬಿಡುತ್ತದೆ. ವಯಸ್ಸು ಅವರನ್ನು ಸುಮ್ನೆ ಬಿಡಲಿಲ್ಲ. ಮೊಣಕಾಲು ಹಿಡಿದು ಕಾಡಿತು. ಅದರ ಜೊತೆಗೇ ಅವರು ಗೆದ್ದರು.

ಬೋಪಣ್ಣ ಕೊಡಗಿನವರು. 1980ರ ಮಾರ್ಚ್ 4ರಂದು ಹುಟ್ಟಿದ್ದು. ತಂದೆ ಕಾಫಿ ಬೆಳೆಗಾರರು. ಕೊಡಗು ಅಂದ ಮೇಲೆ ಹಾಕಿ ಇದ್ದೇ ಇರುತ್ತದೆ, ಅಲ್ವಾ? ಹಾಕಿ, ಫುಟ್‌ಬಾಲ್ ಎರಡೂ ರೋಹನ್ ಅವರಿಗೆ ಇಷ್ಟವಿತ್ತು. ಮಗ ಒಬ್ಬನೇ ನಿಂತು ಆಡುವ ಆಟ ಕಲಿಯಲಿ ಅನ್ನುವುದು ತಂದೆಯ ಆಸೆ. ಹಾಗೆ 11ನೇ ವಯಸ್ಸಿಗೆ ಟೆನಿಸ್ ಶುರುವಾಯಿತು. ವಿದಾಯದ ಪತ್ರದಲ್ಲಿ ಆ ದಿನಗಳನ್ನು ಅವರೇ ನೆನೆದಿದ್ದಾರೆ. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆಯುತ್ತಿದ್ದರು. ದಮ್ಮು ಬರಲಿ ಅಂತ ಕಾಫಿ ತೋಟದೊಳಗೆ ಓಡುತ್ತಿದ್ದರು. ಬಿರುಕು ಬಿಟ್ಟ ಕೋರ್ಟುಗಳ ಮಾತೂ ಅದರಲ್ಲಿದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ತೋಟದ ದಾರಿಗಳಲ್ಲೇ ನಾವೂ ಬೆಳೆದವರು.

ಈಗ ಅವರ ವಯಸ್ಸಿನ ಲೆಕ್ಕ ನೋಡಿ. ಟೆನಿಸ್ಸೇ ಮುಖ್ಯ ಅಂತ ತೀರ್ಮಾನವಾಗುವಾಗ ಅವರಿಗೆ 19. ದೇಶ ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್‌ನಲ್ಲಿ ಭಾರತಕ್ಕಾಗಿ ಮೊದಲ ಸಲ ಆಡಿದ್ದು 2002ರಲ್ಲಿ, 22ಕ್ಕೆ. ವೃತ್ತಿಪರ ಆಟಗಾರನಾದದ್ದು 23ಕ್ಕೆ. ಸಿಂಗಲ್ಸ್‌ನ ವಿಶ್ವ ಶ್ರೇಯಾಂಕದಲ್ಲಿ ಅವರು ಏರಿದ ಅತಿ ಎತ್ತರದ ಸ್ಥಾನ 213. ಅದು 2007ರಲ್ಲಿ. ಆಗ 27 ವರ್ಷ.

ನಮ್ಮ ಕಡೆಯ ಒಂದು ಮನೆಯಲ್ಲಿ 27 ವರ್ಷದ ಮಗ 213ನೇ ಸ್ಥಾನದಲ್ಲಿದ್ದಾನೆ ಅಂದುಕೊಳ್ಳಿ. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಏನು ಕೇಳುತ್ತಾರೆ? "ಆಟ ಸರಿ ಕಣಪ್ಪ, ಕೆಲಸ ಏನು ಮಾಡ್ತೀಯಾ?" ಜಗತ್ತಿನಲ್ಲಿ 213ನೆಯವನು ಅಂದರೆ ಎಂಥ ದೊಡ್ಡ ಆಟಗಾರ ಅನ್ನುವುದು ಆ ಮಾತಿನಲ್ಲಿ ಕಾಣುವುದೇ ಇಲ್ಲ. ಆದರೆ ದುಡ್ಡಿನ ವಿಷಯದಲ್ಲಿ ಕೇಳಿದವರ ಚಿಂತೆ ಸುಳ್ಳೂ ಅಲ್ಲ. ಟೆನಿಸ್‌ನ ಕೆಳಗಿನ ಮೆಟ್ಟಿಲಲ್ಲಿ ಎಂ 15 ಅನ್ನುವ ಟೂರ್ನಮೆಂಟುಗಳಿವೆ. 15 ಅಂದರೆ ಇಡೀ ಟೂರ್ನಮೆಂಟಿಗೆ 15 ಸಾವಿರ ಡಾಲರ್ ಬಹುಮಾನ. ಗೆದ್ದವನೊಬ್ಬನಿಗಲ್ಲ. ಸಿಂಗಲ್ಸ್, ಡಬಲ್ಸ್ ಆಡುವ ಎಲ್ಲರೂ ಅದರಲ್ಲೇ ಹಂಚಿಕೊಳ್ಳಬೇಕು. ಟಿಕೆಟ್, ಹೋಟೆಲ್, ಕೋಚ್, ರ‍್ಯಾಕೆಟ್‌ಗೆ ಹಾಕುವ ಸ್ಟ್ರಿಂಗ್, ಎಲ್ಲವೂ ಆಟಗಾರನ ಕೈಯಿಂದಲೇ. ಇನ್ನೊಂದು ಕಷ್ಟ ಇದೆ. ಶ್ರೇಯಾಂಕಕ್ಕೆ ಗಳಿಸಿದ ಅಂಕ 52 ವಾರ ಮಾತ್ರ ನಿಲ್ಲುತ್ತದೆ. ಮುಂದಿನ ವರ್ಷ ಅದೇ ಹೊತ್ತಿಗೆ ಮತ್ತೆ ಗಳಿಸದಿದ್ದರೆ ಜಾರುತ್ತೀರಿ. ಸಂಬಳ ಇಲ್ಲ, ರಜೆ ಇಲ್ಲ.

ಬೋಪಣ್ಣ ಡಬಲ್ಸ್ ಕಡೆ ವಾಲಿದರು. 2010 ಅವರ ಮೊದಲ ದೊಡ್ಡ ವರ್ಷ. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಸೇರಿ, ಗ್ರ್ಯಾಂಡ್‌ಸ್ಲಾಮ್ ಅನ್ನುವ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಮೆಂಟುಗಳಲ್ಲಿ ಒಂದಾದ ಯುಎಸ್ ಓಪನ್ ಫೈನಲ್ ತಲುಪಿದರು. ಎರಡೂ ದೇಶಗಳ ವಿಶ್ವಸಂಸ್ಥೆಯ ರಾಯಭಾರಿಗಳು ಅಕ್ಕಪಕ್ಕ ಕೂತು ಆ ಪಂದ್ಯ ನೋಡಿದರು. ಎದುರಿಗಿದ್ದವರು ಅಮೆರಿಕದ ಬ್ರಯಾನ್ ಸಹೋದರರು. ಎರಡು ಸೆಟ್, ಎರಡೂ 6-6 ಆಗಿ ಟೈಬ್ರೇಕ್‌ಗೆ ಹೋದವು, ಎರಡರಲ್ಲೂ ಸೋಲು. ಅದೇ ತಿಂಗಳು ಚೆನ್ನೈನಲ್ಲಿ ಬ್ರೆಜಿಲ್ ಮೇಲೆ ಡೇವಿಸ್ ಕಪ್. ಐದು ಪಂದ್ಯಗಳ ಹಣಾಹಣಿಯಲ್ಲಿ ಭಾರತ 0-2 ಹಿಂದಿತ್ತು. 2-2 ಆಯಿತು. ಕೊನೆಯ ಪಂದ್ಯ ಬೋಪಣ್ಣ ಪಾಲಿಗೆ ಬಂತು, ಅದೂ ಸಿಂಗಲ್ಸ್. ರಿಕಾರ್ಡೊ ಮೆಲೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ನನ್ನ ಕಣ್ಣಿಗೆ ಅವರ ಗ್ರ್ಯಾಂಡ್‌ಸ್ಲಾಮ್‌ಗಳಷ್ಟೇ ದೊಡ್ಡ ಗೆಲುವು ಅದು.

ಆ ಯುಎಸ್ ಓಪನ್ ಫೈನಲ್ ಆದ ಮೇಲೆ ಪುರುಷರ ಡಬಲ್ಸ್‌ನಲ್ಲಿ ಅವರು ಮತ್ತೊಂದು ಗ್ರ್ಯಾಂಡ್‌ಸ್ಲಾಮ್ ಫೈನಲ್ ಕಂಡದ್ದು ಯಾವಾಗ ಗೊತ್ತಾ? 2023ರಲ್ಲಿ. ನಡುವೆ 13 ವರ್ಷ.

ನಾನು ಇವತ್ತು ಮಾತಾಡಲು ಬಂದಿರುವುದೇ ಈ 13 ವರ್ಷದ ಬಗ್ಗೆ. ಆ ವರ್ಷಗಳು ಖಾಲಿ ಹೋಗಲಿಲ್ಲ. 2013ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ 3ನೇ ಸ್ಥಾನಕ್ಕೇರಿದರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಮೊದಲ ಸೆಟ್ 2-6 ಹೋಗಿತ್ತು. ಸೋಲಿನ ಅಂಚಿನಿಂದ ಎದ್ದು ಬಂದು ಕೊನೆಯ ಟೈಬ್ರೇಕ್ 12-10ರಲ್ಲಿ ಗೆದ್ದರು. ಆದರೆ ಸೋಲುಗಳೂ ಜಾಸ್ತಿ. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿನಲ್ಲಿ ಲಿಯಾಂಡರ್ ಪೇಸ್ ಜೊತೆ ಯಾರು ಆಡಬೇಕು ಅನ್ನುವ ಜಗಳ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. 2016ರ ರಿಯೋದಲ್ಲಿ ಸಾನಿಯಾ ಮಿರ್ಜಾ ಜೊತೆ ನಾಲ್ಕನೇ ಸ್ಥಾನ. ಪದಕ ಕೈಗೆ ಬಂದ ಹಾಗಿತ್ತು, ಬರಲಿಲ್ಲ.

ಆಮೇಲೆ ಮೊಣಕಾಲು. ಕಾರ್ಟಿಲೇಜ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಸವೆದು ಹೋಗಿತ್ತು. ನೋವಿನ ಮಾತ್ರೆ ನುಂಗಿ ಆಡುತ್ತಿದ್ದ ಕಾಲವದು. ಅಯ್ಯಂಗಾರ್ ಯೋಗ ಶುರು ಮಾಡಿದ ಮೇಲೆ ಕಾಲಿಗೆ ಬಲ ಬಂತು ಅಂತ ಅವರೇ ಹೇಳಿದ್ದಾರೆ. 2021ರಲ್ಲಿ ತಿಂಗಳುಗಟ್ಟಲೆ ಒಂದೂ ಪಂದ್ಯ ಗೆಲ್ಲದೆ, ಪೋರ್ಚುಗಲ್‌ನಲ್ಲಿ ಸಮುದ್ರ ನೋಡುತ್ತಾ ಕೂತು, ಮನೆಯಲ್ಲಿ ಹೆಂಡತಿ, ಮಗು ಬಿಟ್ಟು ನಾನಿಲ್ಲಿ ಏನು ಮಾಡುತ್ತಿದ್ದೇನೆ ಅಂತ ಯೋಚಿಸಿದ್ದನ್ನೂ ಹೇಳಿಕೊಂಡಿದ್ದಾರೆ. ಆವತ್ತೇ ಬಿಟ್ಟಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. 41 ಆಗಿತ್ತು.

ಬಿಡಲಿಲ್ಲ. 2023ರಿಂದ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ ಜೊತೆಯಾದರು. "ಡಬಲ್ಸ್ ತಾನೇ, ಅರ್ಧ ಕೋರ್ಟ್ ಓಡಿದರೆ ಸಾಕು" ಅನ್ನುವವರಿದ್ದಾರೆ. ಓಟ ಕಡಿಮೆ ಅನ್ನುವುದು ನಿಜ. ಆದರೆ ಡಬಲ್ಸ್‌ನಲ್ಲಿ ಎದುರಾಳಿ ನೆಟ್ ಹತ್ತಿರ ಕಣ್ಣೆದುರೇ ನಿಂತಿರುತ್ತಾನೆ. ಚೆಂಡು ಬರುವ ಹೊತ್ತಿಗೆ ರ‍್ಯಾಕೆಟ್ ಸಿದ್ಧವಾಗಿರಬೇಕು, ಯೋಚಿಸಲು ಸಮಯವೇ ಇರುವುದಿಲ್ಲ. ಸರ್ವ್ ಎಲ್ಲಿ ಬೀಳಬೇಕು, ಜೊತೆಗಾರ ಯಾವ ಕಡೆ ಜಿಗಿಯುತ್ತಾನೆ ಅನ್ನುವುದು ಮೊದಲೇ ಮಾತಾಗಿರಬೇಕು. ಎಬ್ಡನ್ ಚೆಂಡನ್ನು ಮತ್ತೆ ಮತ್ತೆ ವಾಪಸ್ ಕಳಿಸುವವರು. ಬೋಪಣ್ಣ ಸರ್ವ್‌ನಿಂದ ಹೊಡೆದುಹಾಕುವವರು. ಇಬ್ಬರೂ ಚೆನ್ನಾಗಿ ಕೂಡಿಕೊಂಡರು. ಇಪ್ಪತ್ತು ವರ್ಷ ಆಡಿದವನಿಗೆ ಸಿಗುವ ಅಂದಾಜು 20 ವರ್ಷದ ಹುಡುಗನಿಗೆ ಸಿಗುವುದಿಲ್ಲ. ಹಾಗಾಗಿ ನಾನು ಅದನ್ನು ಪವಾಡ ಅನ್ನುವುದಿಲ್ಲ. ಕಲಿತದ್ದು ಕೈಗೆ ಹತ್ತಲು ಅಷ್ಟು ಕಾಲ ಬೇಕಾಯಿತು.

2024ರ ಜನವರಿ 27. ಆಗ ಅವರಿಗೆ 43. ಆಸ್ಟ್ರೇಲಿಯನ್ ಓಪನ್ ಫೈನಲ್. ಇಟಲಿಯ ಬೊಲೆಲ್ಲಿ, ವಾವಸ್ಸೊರಿ ಜೋಡಿಯ ಮೇಲೆ 7-6, 7-5. ಪುರುಷರ ಡಬಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆಲ್ಲಲು ಅದು ಅವರ 61ನೇ ಪ್ರಯತ್ನ. ಎರಡೇ ದಿನದಲ್ಲಿ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1. ಮೊದಲ ಬಾರಿ ಆ ಸ್ಥಾನಕ್ಕೆ ಬಂದವರಲ್ಲಿ ಅವರಷ್ಟು ವಯಸ್ಸಾದವರು ಬೇರೆ ಯಾರೂ ಇಲ್ಲ. ಅದೇ ವರ್ಷ ಪದ್ಮಶ್ರೀ ಬಂತು. ಎರಡು ಏಷ್ಯನ್ ಗೇಮ್ಸ್ ಚಿನ್ನ ಮೊದಲೇ ಇತ್ತು.

60 ಸಲ ಬರಿಗೈಯಲ್ಲಿ ಬಂದವರನ್ನು 61ನೇ ಸಲ ಕಳಿಸುವ ಮನೆ ಎಂಥದ್ದಿರಬೇಕು? ನನ್ನನ್ನು ಕಾಡುವ ಪ್ರಶ್ನೆ ಇದು. ಅವರ ಛಲ ನಿಜ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಆಡಲು ಕೋರ್ಟ್ ಸಿಕ್ಕಿತ್ತು. ಶುರುವಿನಲ್ಲಿ ತೋಟದ ಆಸರೆ ಇತ್ತು. ಕಳಿಸುವ ತಂದೆ ಇದ್ದರು. ಇದನ್ನು ಹೇಳಿದರೆ ಅವರ ಸಾಧನೆ ಸಣ್ಣದಾಗುವುದಿಲ್ಲ. ಹೇಳದೇ ಹೋದರೆ ಮಾತ್ರ ನಮ್ಮ ಮಕ್ಕಳಿಗೆ ಅನ್ಯಾಯ. "ಛಲ ಇದ್ದಿದ್ದರೆ ನೀನೂ ಆಗ್ತಿದ್ದೆ" ಅಂತ ಮಗುವಿನ ಮೇಲೇ ಹೊರಿಸಿ ನಾವು ಕೈ ತೊಳೆದುಕೊಳ್ಳುತ್ತೇವೆ.

ನಮ್ಮಲ್ಲಿ ಏನಾಗುತ್ತದೆ? ಆರನೇ ಕ್ಲಾಸಿನಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿಸುತ್ತೇವೆ. ಒಂಬತ್ತಕ್ಕೆ ಬಂದಾಗ, "ಎಸ್ಸೆಸ್ಸೆಲ್ಸಿ ಮುಗೀಲಿ, ಆಮೇಲೆ ನೋಡೋಣ." ಆಮೇಲೆ ಪಿಯುಸಿ, ಸಿಇಟಿ, ನೀಟ್. ಆ ಎರಡು ಮೂರು ವರ್ಷ ಕೈಬಿಟ್ಟುಹೋದರೆ ಟೆನಿಸ್‌ನಲ್ಲಿ ಮತ್ತೆ ಹಿಡಿಯುವುದು ಬಹಳ ಕಷ್ಟ. ಇನ್ನು ಮಲೆನಾಡಿನ ಮಳೆ. ಜೂನ್ ಬಂತೆಂದರೆ ಹೊರಗಿನ ಕೋರ್ಟ್ ಮುಗಿಯಿತು. ಒಳ್ಳೆಯ ಕೋಚಿಂಗ್ ಬೇಕಾದರೆ ಬೆಂಗಳೂರು, ಅಂದರೆ ಒಂದು ಕಡೆಗೇ ಸುಮಾರು 240 ಕಿಲೋಮೀಟರ್. ತೋಟದ ಮಾಲೀಕರ ಮಗಳಿಗೆ ಇದು ಹೇಗೋ ಆದೀತು. ಅದೇ ತೋಟದ ಲೆಕ್ಕ ಬರೆಯುವ ರೈಟರ್ ಮಗಳಿಗೆ? ಕೂಲಿಯವರ ಲೈನ್ ಮನೆಯ ಹುಡುಗನಿಗೆ?

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಕಾಫಿ ಜೊತೆ ಬ್ರಿಟಿಷರ ಕಾಲದ ಪ್ಲಾಂಟರ್ಸ್ ಕ್ಲಬ್‌ಗಳೂ ಬಂದವು, ಟೆನಿಸ್ಸೂ ಬಂತು. ಕೋರ್ಟ್ ಇದೆ, ಆದರೆ ಅದು ಸದಸ್ಯರಿಗೆ. ಕ್ಲಬ್ಬಿನ ಮಾರ್ಕರ್ ಅಂದರೆ ನಿಮಗೆ ಗೊತ್ತಲ್ಲ, ಸದಸ್ಯರ ಜೊತೆ ಆಡಿ, ಕೋರ್ಟ್ ನೋಡಿಕೊಳ್ಳುವವರು. ಪುಸ್ತಕ ಓದದೆ, ಚೆಂಡು ನೋಡಿ ನೋಡಿಯೇ ಆಟದ ಒಳಗುಟ್ಟು ಕಲಿತವರು. ಅಂಥವರು ನಮ್ಮಲ್ಲೇ ಇರುವಾಗ, ಅವರ ಕೈಯಲ್ಲಿ ಊರಿನ ಮಕ್ಕಳು ಯಾಕೆ ಕಲಿಯಬಾರದು? ಜಾವಗಲ್ ಶ್ರೀನಾಥ್ ಅವರ ಮೂಲ ಊರು ಹಾಸನ ಜಿಲ್ಲೆಯದು, ವೇದಾ ಕೃಷ್ಣಮೂರ್ತಿ ಕಡೂರಿನವರು. ಕ್ರಿಕೆಟ್‌ಗೆ ಇಲ್ಲಿಂದ ಭಾರತ ತಂಡದವರೆಗೆ ಮಕ್ಕಳು ಹೋಗಿದ್ದಾರೆ. ಕ್ರಿಕೆಟ್‌ಗೆ ಖಾಲಿ ಗದ್ದೆ ಸಾಕು. ಟೆನಿಸ್‌ಗೆ ಗೇಟು ತೆರೆಯಬೇಕು.

ತಂದೆತಾಯಿಯರಲ್ಲಿ ಒಂದು ಮಾತು. ಮಗು ಆಡಬೇಕು ಅನ್ನುತ್ತಿದ್ದರೆ ಹತ್ತನೇ ಕ್ಲಾಸಿನಲ್ಲಿ ನಿಲ್ಲಿಸಬೇಡಿ. ದಿನಕ್ಕೆ ಒಂದು ಗಂಟೆಯಾದರೂ ಉಳಿಸಿಕೊಡಿ. 16ಕ್ಕೆ ಕಪ್ ತರಲಿಲ್ಲ ಅಂತ ಲೆಕ್ಕ ಮುಗಿಸಬೇಡಿ.

ಕ್ಲಬ್ ಕಮಿಟಿಗಳಲ್ಲಿ ಇರುವವರು ಈ ವಿಡಿಯೋ ನೋಡುತ್ತಿದ್ದರೆ, ನಿಮ್ಮಲ್ಲಿ ಕೈ ಮುಗಿದು ಕೇಳುತ್ತೇನೆ. ಸದಸ್ಯರು ಆಡಲು ಬರುವುದು ಸಾಮಾನ್ಯವಾಗಿ ಸಂಜೆ. ವಾರದಲ್ಲಿ ಐದು ದಿನ, ಬೆಳಿಗ್ಗೆ ಆರರಿಂದ ಎಂಟು, ಒಂದೇ ಒಂದು ಕೋರ್ಟನ್ನು ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಟ್ಟುಕೊಡಿ. ಹಳೇ ಚೆಂಡು ಎಸೆಯಬೇಡಿ, ಅವರಿಗೆ ಕೊಡಿ. ಮಾರ್ಕರ್‌ಗೆ ಆ ಎರಡು ಗಂಟೆಗೆ ಬೇರೆ ಸಂಬಳ ಕೊಡಿ, ಅದಕ್ಕೆ ದುಡ್ಡು ಸೇರಿಸಲು ನಮ್ಮಂಥವರು ಬರುತ್ತೇವೆ. ಯಾವ ಕ್ಲಬ್ಬಿನವರು ಒಪ್ಪಿದರೂ ಕೆಳಗೆ ಬರೆಯಿರಿ, ನಾನೇ ಬಂದು ಶಾಲೆಯವರ ಜೊತೆ ಮಾತಾಡುತ್ತೇನೆ.